ಮಹಾವೀರಾಚಾರ್ಯನ ಅಂಕಿಯ ಹಾರ

ನಮ್ಮ ಬಿ.ಎ. ವರ್ಗದ ಇತಿಹಾಸದ ಟಿಪ್ಪಣಿಗಳಲ್ಲಿ ರಾಷ್ಟ್ರಕೂಟರ ಪಾಠ ಮುಗಿಯುವ ಹೊತ್ತಿಗೆ ‘ಸಾಹಿತ್ಯ ಮತ್ತು ಶಾಸ್ತ್ರಗಳು’ ಎಂಬ ಒಂದು ಚಿಕ್ಕ ಭಾಗ ಬರುತ್ತದೆ. ಅಮೋಘವರ್ಷ ನೃಪತುಂಗ, ಶ್ರೀವಿಜಯ, ಕವಿರಾಜಮಾರ್ಗ, ಜಿನಸೇನ ಎಂದು ಮುಂದುವರಿದು, ಕಟ್ಟಕಡೆಯ ಸಾಲಿನಲ್ಲಿ ‘ಮಹಾವೀರಾಚಾರ್ಯ: ಗಣಿತಸಾರಸಂಗ್ರಹ’ ಎಂದು ನಿಂತುಬಿಡುತ್ತದೆ. ‘ಗಣಿತಸಾರಸಂಗ್ರಹವನ್ನು ರಚಿಸಿದವರು ಯಾರು?’ ಎಂಬ ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ನಾನೂ ಹೀಗೆಯೇ ಬಾಯಿಪಾಠ ಮಾಡಿದ್ದೆ. ಆದರೆ ಒಂದು ದಿನ ವರ್ಗದಲ್ಲಿ, ಧೈರ್ಯ ಎಲ್ಲಿಂದ ಬಂದಿತೋ ಕಾಣೆ, ಎದ್ದು ನಿಂತು, “ಸರ್, ಆ ಪುಸ್ತಕದಲ್ಲಿ ಏನಿದೆ?” ಎಂದು ಕೇಳಿಬಿಟ್ಟೆ. ಗುರುಗಳು ನಕ್ಕರು. ಮರುದಿನ ಅವರು ತಮ್ಮ ಮೊಬೈಲಿನಲ್ಲಿ ೧೯೧೨ರಲ್ಲಿ ಮದರಾಸಿನಲ್ಲಿ ಅಚ್ಚಾದ ಆ ಗ್ರಂಥದ ಪುಟಗಳನ್ನು ತೆರೆದು ತೋರಿಸಿ, ಗುಣಾಕಾರದ ಒಂದು ಉದಾಹರಣೆಯ ಮೇಲೆ ಬೆರಳಿಟ್ಟು, “ಇದನ್ನು ನೀನೇ ಮಾಡಿ ನೋಡು” ಎಂದರು. ಆ ಒಂದು ಲೆಕ್ಕ ನನ್ನನ್ನು ಎರಡು ತಿಂಗಳು ಬಿಡಲಿಲ್ಲ. ಅದರ ವೃತ್ತಾಂತವೇ ಈ ಲೇಖನ. ಕಲಾವಿಭಾಗದ ವಿದ್ಯಾರ್ಥಿ ಗಣಿತದ ವಿಷಯಕ್ಕೆ ಕೈಹಾಕಿದ್ದನ್ನು ಅಧ್ಯಾಪಕ ವರ್ಗದವರು ಮನ್ನಿಸಬೇಕು.

ಮೊದಲು ಗ್ರಂಥಕರ್ತನ ವಿಷಯವಾಗಿ ನಾಲ್ಕು ಮಾತು. ಮಹಾವೀರಾಚಾರ್ಯನು ಜೈನನು; ಕ್ರಿ.ಶ. ೮೫೦ರ ಸುಮಾರಿನವನು, ತನ್ನ ಗ್ರಂಥದ ಆರಂಭದಲ್ಲಿ ನೃಪತುಂಗನ ಆಳ್ವಿಕೆಯನ್ನು ಕೊಂಡಾಡಿದ್ದಾನೆ. ನೃಪತುಂಗನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗಣಿತಸಾರಸಂಗ್ರಹವು ಸಂಸ್ಕೃತ ಪದ್ಯಗಳಲ್ಲಿದೆ. ಅಲ್ಲಿಯವರೆಗೆ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದು ಮೂಲೆಯಲ್ಲಿ ಇರುತ್ತಿತ್ತು. ಇಲ್ಲಿ ಗ್ರಹ ನಕ್ಷತ್ರಗಳ ಗೊಡವೆಯಿಲ್ಲದೆ ಇಡಿಯ ಪುಸ್ತಕವೇ ಗಣಿತಕ್ಕೆ ಮೀಸಲು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಓಲೆಗರಿಗಳಲ್ಲಿದ್ದ ಇದನ್ನು ಪರಿಷ್ಕರಿಸಿ, ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಲೋಕದ ಮುಂದಿಟ್ಟವರು ಎಂ. ರಂಗಾಚಾರ್ಯರು. ಅವರು ಬಳಸಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನು, ಅನೇಕ ವಸ್ತುಗಳಿಂದ ಕೆಲವನ್ನು ಆರಿಸುವ ರೀತಿಗಳೆಷ್ಟೆಂಬುದಕ್ಕೆ ಸೂತ್ರ ಕೊಟ್ಟವನು ಎಂದು ಗಣಿತಜ್ಞರು ಇವನನ್ನು ಗೌರವಿಸುತ್ತಾರೆ. ಅವೆಲ್ಲ ದೊಡ್ಡ ವಿಷಯಗಳು. ನಾನು ಬಾಗಿಲಲ್ಲಿಯೇ ನಿಂತವನು. ಗುಣಾಕಾರದ ಉದಾಹರಣೆಯನ್ನು ದಾಟಿ ಹೋಗಲಿಲ್ಲ.

ಆ ಉದಾಹರಣೆ ಇಷ್ಟೇ: ೨೭೯೯೪೬೮೧ನ್ನು ೪೪೧ರಿಂದ ಗುಣಿಸಬೇಕು.

ನೋಡಲು ಎರಡೂ ಸಂಖ್ಯೆಗಳಿಗೆ ಯಾವ ಅಂದವೂ ಇಲ್ಲ. ನಾನು ಸಂಜೆ ಮೂಡಲಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಗುಣಿಸಿದೆ. ಉತ್ತರ ಬಂದದ್ದು ೧೨೩೪೬೪೪೮೧೨೧. ಸರಿಯೋ ತಪ್ಪೋ ನೋಡಲು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರು ಕಲಿಸಿದ ಒಂಬತ್ತರ ತಾಳೆಯನ್ನು ಹಾಕಿದೆ. ಅದು ವಾಚಕರಿಗೆ ಗೊತ್ತಿರಬಹುದು: ಗುಣ್ಯ, ಗುಣಕ, ಗುಣಲಬ್ಧ ಈ ಮೂರರ ಅಂಕಿಗಳನ್ನೂ ಬೇರೆ ಬೇರೆ ಕೂಡಿಸಿ, ಒಂಬತ್ತುಗಳನ್ನು ಕಳೆದು, ಉಳಿದ ಶೇಷಗಳನ್ನು ಹೋಲಿಸುವುದು. ೪೪೧ರ ಅಂಕಿಗಳ ಮೊತ್ತ ೯, ಶೇಷ ಸೊನ್ನೆ. ಆದ್ದರಿಂದ ಗುಣಲಬ್ಧದ ಶೇಷವೂ ಸೊನ್ನೆಯಾಗಬೇಕು. ನನ್ನ ಉತ್ತರದ ಅಂಕಿಗಳನ್ನು ಕೂಡಿಸಿದರೆ ೩೬, ಶೇಷ ಸೊನ್ನೆ. ತಾಳೆ ಬಿದ್ದಿತು! ಸಮಾಧಾನದಿಂದ ಮಲಗಿದೆ.

ಮರುದಿನ ಗುರುಗಳು ಉತ್ತರವನ್ನು ಓದಿ, “ಇದು ತಪ್ಪು” ಎಂದರು. “ನೀವು ಗುಣಿಸಿ ನೋಡಲೇ ಇಲ್ಲವಲ್ಲ ಸರ್?” ಎಂದೆ. “ಗುಣಿಸುವ ಅಗತ್ಯವಿಲ್ಲ. ಆಚಾರ್ಯನು ಇದನ್ನು ಅರಸನ ಕೊರಳಿಗೆ ತಕ್ಕ ಹಾರವೆಂದು ಕರೆದಿದ್ದಾನೆ. ನಿನ್ನದು ಹಾರವಾಗಿದೆಯೇ, ನೀನೇ ನೋಡು” ಎಂದರು. ಮತ್ತೆ ಕುಳಿತು ಹುಡುಕಿದಾಗ ತಪ್ಪು ಸಿಕ್ಕಿತು. ಪುಸ್ತಕದಿಂದ ಇಳಿಸಿಕೊಳ್ಳುವಾಗ ನಾಲ್ಕು ಮತ್ತು ಆರನ್ನು ಅದಲುಬದಲು ಮಾಡಿ, ೨೭೯೯೪೬೮೧ರ ಬದಲು ೨೭೯೯೬೪೮೧ ಎಂದು ಬರೆದುಕೊಂಡಿದ್ದೆ. ಸರಿಪಡಿಸಿ ಗುಣಿಸಿದೆ.

ಒಂದರಿಂದ: ೨೭೯೯೪೬೮೧
ನಲವತ್ತರಿಂದ: ೧೧೧೯೭೮೭೨೪೦
ನಾನೂರರಿಂದ: ೧೧೧೯೭೮೭೨೪೦೦
ಮೂರನ್ನೂ ಕೂಡಿಸಿದರೆ: ೧೨೩೪೫೬೫೪೩೨೧

ಒಂದರಿಂದ ಆರರವರೆಗೆ ಒಂದೊಂದೇ ಏರಿ, ಮತ್ತೆ ಅದೇ ಕ್ರಮದಲ್ಲಿ ಒಂದರವರೆಗೆ ಇಳಿಯುವ ಸಂಖ್ಯೆ! ಆಚಾರ್ಯನು ಅದನ್ನು ವರ್ಣಿಸಿರುವುದೂ ಹಾಗೆಯೇ. ನಡುವಿನ ಆರು ಪದಕವಾದರೆ, ಎರಡು ಬದಿಗೂ ಐದೈದು ಮಣಿಗಳು ಸಣ್ಣದಾಗುತ್ತ ಹೋಗಿ ಹೆಗಲ ಮೇಲೆ ಒಂದೊಂದಾಗಿ ನಿಲ್ಲುತ್ತವೆ. ಕನ್ನಡದಲ್ಲಿ ನವಜೀವನ, ವಿಕಟಕವಿ, ಕನಕ ಎಂಬ ಪದಗಳು ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವಂತೆ ಈ ಸಂಖ್ಯೆಯೂ ಹೌದು. ಕಾವ್ಯಶಾಸ್ತ್ರದವರು ಇಂಥದನ್ನು ಗತಪ್ರತ್ಯಾಗತವೆಂದು ಕರೆಯುತ್ತಾರೆ. ನಮ್ಮ ಇಂದಿನ ಎಣಿಕೆಯಲ್ಲಿ ಇದು ೧,೨೩೪ ಕೋಟಿ ೫೬ ಲಕ್ಷ ೫೪ ಸಾವಿರದ ೩೨೧. ಆಚಾರ್ಯನ ಎಣಿಕೆ ಇನ್ನೂ ಉದ್ದವಾದುದು. ಅವನು ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ ೨೪ ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅವುಗಳಲ್ಲಿ ಹನ್ನೊಂದನೆಯದು ಅರ್ಬುದ. ನಮ್ಮ ಹಾರದ ಎಡಗಡೆಯ ಮೊದಲ ಮಣಿ ಅಲ್ಲಿ ಕುಳಿತಿದೆ.

ಇನ್ನೊಂದು ಸ್ವಾರಸ್ಯವೂ ಉಂಟು. ಪದ್ಯದಲ್ಲಿ ಅಂಕಿಗಳನ್ನು ಅಂಕಿಗಳಾಗಿ ಬರೆಯಲು ಬರುವುದಿಲ್ಲ. ಆದ್ದರಿಂದ ಹಿಂದಿನವರು ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು ಎಂದು ಪದಗಳಿಂದ ಸೂಚಿಸುತ್ತಿದ್ದರು. ನಮ್ಮ ಶಾಸನಗಳಲ್ಲಿಯೂ ಈ ಪದ್ಧತಿಯಿದೆ. ಹೀಗೆ ಹೇಳುವಾಗ ಸಾಮಾನ್ಯವಾಗಿ ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಹೋಗುವುದು ರೂಢಿ. ಓದುವವನು ದಿಕ್ಕು ತಪ್ಪಿದರೆ ಸಂಖ್ಯೆಯೇ ತಲೆಕೆಳಗಾಗುತ್ತದೆ. ನಮ್ಮ ಹಾರಕ್ಕೆ ಆ ಭಯವಿಲ್ಲ; ಯಾವ ತುದಿಯಿಂದ ಹಿಡಿದೆತ್ತಿದರೂ ಅದೇ ಹಾರ.

ಇಲ್ಲಿ ಗಣಿತವನ್ನು ಸ್ವಲ್ಪ ಬದಿಗಿಟ್ಟು, ಈ ನಾಲ್ಕು ಆರುಗಳ ಅದಲುಬದಲು ನನ್ನನ್ನು ಏಕೆ ಅಷ್ಟು ಕಲಕಿತೆಂಬುದನ್ನು ಹೇಳಬೇಕು.

ನಮ್ಮ ಮನೆಯಲ್ಲಿ ಸಾಲಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅವ್ವ ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಸುಣ್ಣದ ಗೆರೆಗಳಿಂದ ಇಡುತ್ತಾಳೆ. ಅಪ್ಪ ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಾನೆ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಸಲ ಗೋವಿನಜೋಳ ಮಾರಿ ಬಂದ ಅಪ್ಪ ಚೀಟಿಯನ್ನು ನನ್ನ ಕೈಗಿಟ್ಟು, “ಲೆಕ್ಕಾ ಬರೋಬರಿ ಐತೇನು ನೋಡು” ಎಂದ. ೧೮ ಕ್ವಿಂಟಲ್ ೪೬ ಕಿಲೊ ಮಾಲು. ಕ್ವಿಂಟಲ್ಲಿಗೆ ೧,೩೨೫ ರೂಪಾಯಿ ದರ. ಚೀಟಿಯಲ್ಲಿ ೨೪,೪೫೯ ರೂಪಾಯಿ ೫೦ ಪೈಸೆ ಎಂದಿತ್ತು. ನಾನು ಗುಣಿಸಿದರೆ ೨೪,೬೯೮ ಬಂದಿತು. ಒಂಬತ್ತರ ತಾಳೆಯನ್ನೂ ಹಾಕಿದೆ, ಬಿದ್ದಿತು. “ಅಪ್ಪಾ, ೨೩೮ ರೂಪಾಯಿ ಐವತ್ತು ಪೈಸೆ ಕಡಿಮೆ ಕೊಟ್ಟಾರ” ಎಂದು ಬೀಗಿ ಹೇಳಿದೆ. ಅಪ್ಪ ಮಗನ ವಿದ್ಯೆಯನ್ನು ನಂಬಿ ಅದೇ ಸಂಜೆ ಹೋಗಿ ಹತ್ತು ಜನರ ಮುಂದೆ ಕೇಳಿದ. ಅಂಗಡಿಯವರು ಸಿಟ್ಟಾಗಲಿಲ್ಲ, ಲೆಕ್ಕ ಮಾಡಿ ತೋರಿಸಿದರು. ಚೀಟಿಯೇ ಸರಿಯಾಗಿತ್ತು. ನಾನು ೧೮.೪೬ರ ಬದಲು ೧೮.೬೪ನ್ನು ಗುಣಿಸಿದ್ದೆ. ಅಂಕಿಗಳು ಸ್ಥಳ ಬದಲಿಸಿದರೂ ಅವುಗಳ ಮೊತ್ತ ಬದಲಾಗುವುದಿಲ್ಲವಾದ್ದರಿಂದ ಒಂಬತ್ತರ ತಾಳೆಗೆ ಈ ತಪ್ಪು ಕಾಣಿಸುವುದೇ ಇಲ್ಲವೆಂಬುದು ನನಗೆ ಆಗ ತಿಳಿದಿರಲಿಲ್ಲ. ಅಪ್ಪ ಮನೆಗೆ ಬಂದವನು ನನ್ನನ್ನು ಬಯ್ಯಲಿಲ್ಲ. “ಹೋಗಲಿ ಬಿಡು. ನಿನ್ನ ಲೆಕ್ಕಾ ನೋಡಾಕ ನನಗರ ಎಲ್ಲಿ ಬರತೈತಿ” ಎಂದಷ್ಟೇ ಹೇಳಿ ಊಟಕ್ಕೆ ಕುಳಿತ. ಬಯ್ದಿದ್ದರೆ ಚೆನ್ನಾಗಿತ್ತು. ಹತ್ತನೆಯ ಇಯತ್ತೆ ದಾಟಿದೊಡನೆ ನಾನು ಗಣಿತವನ್ನು ಬಿಟ್ಟು ಕಲಾವಿಭಾಗಕ್ಕೆ ಬರಲು ಬೇರೆ ಕಾರಣಗಳೂ ಇದ್ದವು. ಆದರೆ ಆ ರಾತ್ರಿಯ ಊಟವೂ ಒಂದು ಕಾರಣ.

ಓದು ಬಲ್ಲವರ ಮನೆಯ ಮಕ್ಕಳಿಗೆ ಉತ್ತರ ತಪ್ಪಿದರೆ ಹೇಳಲು ಅಣ್ಣನೋ ಅಕ್ಕನೋ ಇರುತ್ತಾರೆ. ನಮ್ಮಂಥವರು ತಪ್ಪನ್ನು ಬಗಲಲ್ಲಿಟ್ಟುಕೊಂಡೇ ನಿದ್ದೆ ಮಾಡುತ್ತೇವೆ. ಆದ್ದರಿಂದ ಮಳಖೇಡದ ಅರಸನ ಕಾಲದ ಈ ಗುಣಾಕಾರವನ್ನು ಕಂಡಾಗ ನನಗೆ ಮೊದಲು ಹೊಳೆದದ್ದು ಅದರ ಅಂದವಲ್ಲ. ಇದು ತನ್ನ ತಪ್ಪನ್ನು ತಾನೇ ಹೇಳುವ ಲೆಕ್ಕ. ಪುಸ್ತಕದ ಕೊನೆಯಲ್ಲಿ ಉತ್ತರ ಬೇಕಿಲ್ಲ, ಪಕ್ಕದಲ್ಲಿ ಗುರು ಬೇಕಿಲ್ಲ. ಹಾರ ಕೂಡಿದರೆ ಸರಿ. ಹರಿದರೆ ಮತ್ತೊಮ್ಮೆ ಮಾಡು.

ಇದು ಬರಿಯ ಭಾವುಕತೆಯ ಮಾತಾಗಬಾರದೆಂದು ಪರೀಕ್ಷಿಸಿಯೂ ನೋಡಿದೆ. ಗುಣ್ಯದಲ್ಲಿ ಎಂಟು ಅಂಕಿಗಳಿವೆ. ಒಂದು ಅಂಕಿಯನ್ನು ತಪ್ಪಾಗಿ ಬರೆಯಲು ಒಂಬತ್ತು ದಾರಿಗಳು. ಅಂದರೆ ಒಂದೇ ಅಂಕಿ ತಪ್ಪುವ ರೀತಿಗಳು ಒಟ್ಟು ೭೨. ಕಾಲೇಜಿನ ಗಣಕಯಂತ್ರದ ಕೋಣೆಯಲ್ಲಿ ಕುಳಿತು ಎಪ್ಪತ್ತೆರಡನ್ನೂ ೪೪೧ರಿಂದ ಗುಣಿಸಿದೆ. ಒಂದರಲ್ಲಿಯೂ ಹಾರ ನಿಲ್ಲಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮೇಲಿನ ಸ್ಥಾನದ ಅಂಕಿ ತಪ್ಪಿದರೆ ಗುಣಲಬ್ಧದ ಬಲಬದಿ ಹಾಗೆಯೇ ಉಳಿದು ಎಡಬದಿ ಕೆಡುತ್ತದೆ. ಕೆಳಗಿನ ಸ್ಥಾನದ್ದು ತಪ್ಪಿದರೆ ಬಲಬದಿ ಕೆಟ್ಟು ಎಡಬದಿ ಉಳಿಯುತ್ತದೆ. ಎರಡು ಬದಿಗಳೂ ಒಂದನ್ನೊಂದು ಕಾಯುತ್ತಿರುವುದರಿಂದ ಒಂದು ಕೆಟ್ಟೊಡನೆ ಇನ್ನೊಂದು ಸಾಕ್ಷಿ ಹೇಳುತ್ತದೆ. ಒಂಬತ್ತರ ತಾಳೆಯಾದರೋ ಇಲ್ಲಿ ಈ ಎಪ್ಪತ್ತೆರಡರಲ್ಲಿ ಒಂದನ್ನೂ ಹಿಡಿಯಲಾರದು. ಗುಣಕ ೪೪೧ ಒಂಬತ್ತರ ಅಪವರ್ತ್ಯವಾದ್ದರಿಂದ ಗುಣ್ಯದಲ್ಲಿ ಏನು ಬರೆದರೂ ಶೇಷ ಸೊನ್ನೆಯೇ.

ಇನ್ನು ಈ ಹಾರವನ್ನು ಪೋಣಿಸಿದ ಗುಟ್ಟೇನು? ವಾಚಕರು ಕಾಗದದ ಮೇಲೆ ಬರೆದು ನೋಡಬೇಕು.

೧ × ೧ = ೧
೧೧ × ೧೧ = ೧೨೧
೧೧೧ × ೧೧೧ = ೧೨೩೨೧
೧೧೧೧ × ೧೧೧೧ = ೧೨೩೪೩೨೧
೧೧೧೧೧ × ೧೧೧೧೧ = ೧೨೩೪೫೪೩೨೧
೧೧೧೧೧೧ × ೧೧೧೧೧೧ = ೧೨೩೪೫೬೫೪೩೨೧

ಹಾಗಾದರೆ ನಮ್ಮ ಹಾರವು ಆರು ಒಂದುಗಳಿಂದಾದ ಸಂಖ್ಯೆಯ ವರ್ಗ! ಏಕೆ ಹೀಗಾಗುತ್ತದೆಂಬುದನ್ನು ಶಾಲೆಯ ಗುಣಾಕಾರದಿಂದಲೇ ತಿಳಿಯಬಹುದು. ೧೧೧೧೧೧ನ್ನು ೧೧೧೧೧೧ರಿಂದ ಗುಣಿಸುವಾಗ ಆರು ಸಾಲುಗಳು ಬರುತ್ತವೆ. ಪ್ರತಿ ಸಾಲೂ ಆರು ಒಂದುಗಳೇ, ಆದರೆ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಗದ್ದೆಯಲ್ಲಿ ಓರೆಯಾಗಿ ನೆಟ್ಟ ಸಾಲುಗಳಂತೆ. ಈಗ ಕಂಬಗಳನ್ನು ಮೇಲಿನಿಂದ ಕೆಳಕ್ಕೆ ಕೂಡಿಸಿರಿ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಹೀಗೆ ಏರುತ್ತ ನಡುಗಂಬದಲ್ಲಿ ಆರೂ ಸಾಲುಗಳು ಸೇರುತ್ತವೆ, ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ಮುಗಿಯುತ್ತ ಐದು, ನಾಲ್ಕು, ಮೂರು, ಎರಡು, ಒಂದು. ಯಾವ ಕಂಬದಲ್ಲಿಯೂ ಮೊತ್ತ ಒಂಬತ್ತನ್ನು ಮೀರದಿರುವುದರಿಂದ ದಶಕ ಹಿಡಿಯುವ ಪ್ರಸಂಗ ಬರುವುದಿಲ್ಲ. ಹಾರವೆಂದರೆ ಒಂದುಗಳ ಎಣಿಕೆಯೇ ಹೊರತು ಬೇರೆಯಲ್ಲ. ಆರು ಸಾಲುಗಳಲ್ಲಿ ಆರಾರು ಒಂದುಗಳು, ಒಟ್ಟು ೩೬. ಹಾರದ ಅಂಕಿಗಳನ್ನು ಕೂಡಿಸಿ ನೋಡಿ, ಅದೂ ೩೬. (ನನ್ನ ತಪ್ಪು ಉತ್ತರದ ಮೊತ್ತವೂ ೩೬ ಇದ್ದದ್ದು ಕೇವಲ ವಿಧಿಯ ಕುಚೋದ್ಯ.)

ಆಚಾರ್ಯನು ಆರಕ್ಕೇ ನಿಲ್ಲಿಸಿದ್ದಾನೆ. ನಾವು ಮುಂದುವರಿಯಬಹುದು, ಒಂಬತ್ತು ಒಂದುಗಳವರೆಗೆ ಹಾರ ಅಖಂಡವಾಗಿರುತ್ತದೆ, ೧೨೩೪೫೬೭೮೯೮೭೬೫೪೩೨೧. ಹತ್ತು ಒಂದುಗಳಿಗೆ ಬಂದಾಗ ನಡುಗಂಬದಲ್ಲಿ ಹತ್ತು ಸೇರಿ ದಶಕ ಹುಟ್ಟುತ್ತದೆ. ಅದು ಎಡಕ್ಕೆ ಹಾಯ್ದು ೧೨೩೪೫೬೭೯೦೦೯೮೭೬೫೪೩೨೧ ಆಗಿಬಿಡುತ್ತದೆ. ಬಲಬದಿ ಹಾಗೆಯೇ ಇದೆ. ಎಡಬದಿಯಲ್ಲಿ ಎಂಟು ಮಾಯವಾಗಿದೆ.

ಈಗ ಮತ್ತೆ ಆಚಾರ್ಯನ ಉದಾಹರಣೆಗೆ ಬರೋಣ. ಅವನು ೧೧೧೧೧೧ರ ವರ್ಗವನ್ನು ಕೇಳಲಿಲ್ಲ. ೨೭೯೯೪೬೮೧ ಮತ್ತು ೪೪೧ನ್ನು ಕೊಟ್ಟನು. ಇವುಗಳಿಗೂ ಒಂದುಗಳಿಗೂ ಏನು ನಂಟು? ೪೪೧ ಎಂಬುದು ೨೧ರ ವರ್ಗ. ಇದು ಎಲ್ಲರಿಗೂ ಗೊತ್ತು. ೨೭೯೯೪೬೮೧ಕ್ಕೆ ವರ್ಗಮೂಲ ತೆಗೆದರೆ ೫೨೯೧ ಬರುತ್ತದೆ, ಶೇಷವಿಲ್ಲ. ೨೧ ಮತ್ತು ೫೨೯೧ನ್ನು ಗುಣಿಸಿರಿ: ೧೧೧೧೧೧! ಎರಡು ವರ್ಗಗಳನ್ನು ಗುಣಿಸಿದರೆ ಮೂಲಗಳ ಗುಣಲಬ್ಧದ ವರ್ಗವೇ ಬರಬೇಕಾದ್ದು ನ್ಯಾಯ. ಹಾರದ ದಾರ ಇಲ್ಲಿದೆ.

ಹಾರವನ್ನು ಪೂರ್ತಿ ಬಿಚ್ಚಿದರೆ ಇನ್ನಷ್ಟು ತಿಳಿಯುತ್ತದೆ. ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಈ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆದ್ದರಿಂದ ಹಾರದಲ್ಲಿ ಪ್ರತಿಯೊಂದೂ ಎರಡೆರಡು ಸಲ ಇರುತ್ತದೆ. ಭಾಗಾಕಾರ ಮಾಡದೆಯೇ ಈ ಐದನ್ನೂ ಹಾರದ ಮೈಮೇಲೆ ಕಾಣಬಹುದು. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಂತೆ ತುಂಡರಿಸಿ: ೧೨, ೩೪೫, ೬೫೪, ೩೨೧. ಇವನ್ನು ಕೂಡಿಸಿದರೆ ೧೩೩೨, ಅಂದರೆ ೩೬ × ೩೭. ಸಾವಿರವು ೯೯೯ಕ್ಕಿಂತ ಒಂದು ಹೆಚ್ಚು. ೯೯೯ ೩೭ರಿಂದಲೂ ೯ರಿಂದಲೂ ಭಾಗವಾಗುತ್ತದೆ. ಆದ್ದರಿಂದ ತುಂಡುಗಳ ಮೊತ್ತ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಮೂರು ಮತ್ತು ಮೂವತ್ತೇಳು ಸಿಕ್ಕವು. ಈಗ ಒಂದು ಬಿಟ್ಟು ಒಂದನ್ನು ಕಳೆಯಿರಿ: ೩೨೧ರಲ್ಲಿ ೬೫೪ ಕಳೆದು, ೩೪೫ ಕೂಡಿಸಿ, ೧೨ ಕಳೆದರೆ ಸರಿಯಾಗಿ ಸೊನ್ನೆ. ಸಾವಿರವು ೧೦೦೧ಕ್ಕಿಂತ ಒಂದು ಕಡಿಮೆ. ೧೦೦೧ ಎಂದರೆ ೭ × ೧೧ × ೧೩. ಉಳಿದ ಮೂರೂ ಸಿಕ್ಕವು. ಇದನ್ನು ಕಂಡುಕೊಂಡ ದಿನ ನಾನು ಗ್ರಂಥಾಲಯದಲ್ಲಿ ಗಟ್ಟಿಯಾಗಿ “ಸೊನ್ನೆ!” ಎಂದು ಕೂಗಿ, ಎದುರಿಗೆ ಕುಳಿತಿದ್ದವರಿಂದ ಬೈಸಿಕೊಂಡೆ.

ಹಾರವನ್ನು ಎರಡು ವರ್ಗಗಳ ಗುಣಲಬ್ಧವಾಗಿ ಎಷ್ಟು ವಿಧದಲ್ಲಿ ಒಡೆಯಬಹುದು? ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಎಡಕ್ಕಾದರೂ ಹಾಕಬಹುದು, ಬಲಕ್ಕಾದರೂ ಹಾಕಬಹುದು. ಹೀಗೆ ೩೨ ವಿಧಗಳಾಗುತ್ತವೆ. ಎಡಬಲಗಳ ಭೇದವನ್ನು ಬಿಟ್ಟರೆ ೧೬. ಈ ಹದಿನಾರನ್ನೂ ಬರೆದು ನೋಡಿದಾಗ ಎರಡು ಕಡೆ ನನಗೆ ಆಶ್ಚರ್ಯ ಕಾದಿತ್ತು.

೧೨೧ × ೧೦೨೦೩೦೨೦೧ = ೧೨೩೪೫೬೫೪೩೨೧
೧೨೩೨೧ × ೧೦೦೨೦೦೧ = ೧೨೩೪೫೬೫೪೩೨೧

ಹಾರವನ್ನು ಹಾರದಿಂದ ಗುಣಿಸಿದರೆ ಹಾರ! ಒಂದರಿಂದಲೇ ಗುಣಿಸುವ ವಿಧವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಹದಿನಾರರಲ್ಲಿ ಇವೆರಡೇ ಹೀಗಿವೆ. ಇಷ್ಟು ಚೆಲುವಾದ ಜೋಡಿಗಳಿರುವಾಗ ಆಚಾರ್ಯನು ಅವನ್ನು ಬಿಟ್ಟು ೪೪೧ ಮತ್ತು ೨೭೯೯೪೬೮೧ ಎಂಬ ನೀರಸ ಜೋಡಿಯನ್ನೇಕೆ ಆರಿಸಿದನು? ನನ್ನ ಅಭಿಪ್ರಾಯದಲ್ಲಿ ಅದೇ ಅವನ ಜಾಣ್ಮೆ. ೧೨೩೨೧ನ್ನು ಕೊಟ್ಟಿದ್ದರೆ ಚುರುಕಾದ ಹುಡುಗನು ಗುಣಿಸದೆಯೇ ಉತ್ತರವನ್ನು ಊಹಿಸಿಬಿಡುತ್ತಿದ್ದನು. ೨೭೯೯೪೬೮೧ರ ಮುಖದ ಮೇಲೆ ಯಾವ ಸುಳಿವೂ ಇಲ್ಲ. ಏಳೆಂಟು ಒಂಬತ್ತುಗಳ ಮಗ್ಗಿ ಬಾರದವನು ಇದನ್ನು ದಾಟಲಾರ. ಕಷ್ಟಪಟ್ಟು ಗುಣಿಸಿದವನಿಗೆ ಮಾತ್ರ ಕೊನೆಯ ಗೆರೆಯ ಕೆಳಗೆ ಹಾರ ಕಾಣಿಸಿಕೊಳ್ಳುತ್ತದೆ.

ಗುಣಕವನ್ನು ಒಡೆದು ಗುಣಿಸುವ ಉಪಾಯವನ್ನೂ ಆ ಗ್ರಂಥ ಹೇಳುತ್ತದೆ. ೪೪೧ನ್ನು ೭ × ೭ × ೯ ಎಂದು ಒಡೆದರೆ ಒಂದಂಕಿಯ ಮಗ್ಗಿಗಳೇ ಸಾಕು. ೨೭೯೯೪೬೮೧ನ್ನು ಏಳರಿಂದ ಗುಣಿಸಿ ೧೯೫೯೬೨೭೬೭. ಮತ್ತೆ ಏಳರಿಂದ ೧೩೭೧೭೩೯೩೬೯. ಕೊನೆಗೆ ಒಂಬತ್ತರಿಂದ ಗುಣಿಸಿದೊಡನೆ ೧೨೩೪೫೬೫೪೩೨೧. ಎರಡು ಹೆಜ್ಜೆಗಳವರೆಗೆ ಕತ್ತಲು. ಮೂರನೆಯದರಲ್ಲಿ ಥಟ್ಟನೆ ಬೆಳಕು. ಎಂಟು ಅಂಕಿಗಳ ಸಣ್ಣ ಲೆಕ್ಕಯಂತ್ರದಲ್ಲಿ ಈ ಹನ್ನೊಂದು ಅಂಕಿಗಳು ಹಿಡಿಸುವುದೇ ಇಲ್ಲವೆಂಬುದು ನನಗೆ ಒಳಗೊಳಗೇ ಸಂತೋಷ ಕೊಟ್ಟ ಸಂಗತಿ.

ಇದೊಂದೇ ಹಾರವಲ್ಲ. ಅದೇ ಪ್ರಕರಣದಲ್ಲಿ ಇನ್ನೂ ಕೆಲವಿವೆ: ೧೩೯ × ೧೦೯ = ೧೫೧೫೧; ೧೫೨೨೦೭ × ೭೩ = ೧೧೧೧೧೧೧೧; ೧೧೦೧೧೦೧೧ × ೯೧ = ೧೦೦೨೦೦೨೦೦೧; ೧೪೨೮೫೭೧೪೩ × ೭ = ೧೦೦೦೦೦೦೦೦೧. ಕೊನೆಯದು ಎರಡು ತುದಿಗೆ ಎರಡು ಮುತ್ತುಗಳನ್ನಿಟ್ಟು ನಡುವೆ ಬರಿಯ ದಾರ ಬಿಟ್ಟಂತಿದೆ. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳು ಬರುವುದು ಈಗಲೂ ಸಾಲಿಯ ಹುಡುಗರಿಗೆ ಗೊತ್ತಿರುವ ಚಮತ್ಕಾರ. ಅದೂ ಈ ಪುಸ್ತಕದಲ್ಲಿದೆ. ಹತ್ತು ಒಂದುಗಳ ವರ್ಗದಲ್ಲಿ ಹಾರ ಹರಿದಾಗ ಎಡಬದಿಗೆ ಉಳಿದದ್ದು ಇದೇ ಎಂಟಿಲ್ಲದ ೧೨೩೪೫೬೭೯ ಎಂಬುದನ್ನು ವಾಚಕರು ಗಮನಿಸಿರಬಹುದು. ಆದರೆ ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಏರಿ ಇಳಿಯುವ ಹಾರವೇ. ಅದನ್ನು ಅದರ ಅಂಕಿಗಳ ಮೊತ್ತವಾದ ೩೬ರಿಂದ ಗುಣಿಸಿದರೆ ೪೪೪೪೪೩೫೫೫೫೫೬ ಬರುತ್ತದೆ; ಅದು ೬೬೬೬೬೬ರ ವರ್ಗ. ನಡುಪದಕದ ಆರು ಆರು ಸಲ ಮರುದನಿಗೊಟ್ಟಂತೆ!

ಇಂಥವುಗಳಿಂದ ಏನು ಪ್ರಯೋಜನವೆಂದು ನನ್ನ ಮಿತ್ರನೊಬ್ಬ ಕೇಳಿದ. ಸ್ಪರ್ಧಾ ಪರೀಕ್ಷೆಗಳಿಗೆ ಓದುತ್ತಿರುವ ಅವನ ಪ್ರಶ್ನೆ ಸಹಜವೇ. ಆಚಾರ್ಯನನ್ನೇ ಕೇಳಿದ್ದರೆ, ವ್ಯಾಪಾರಕ್ಕೆ, ಅಡಿಗೆಗೆ, ಸಂಗೀತಕ್ಕೆ, ಮನೆ ಕಟ್ಟುವುದಕ್ಕೆ ಗಣಿತವಿಲ್ಲದೆ ಯಾವುದೂ ನಡೆಯದೆಂದು ಉದ್ದವಾದ ಪಟ್ಟಿಯನ್ನೇ ಕೊಡುತ್ತಿದ್ದನು. ಗ್ರಂಥದ ಆರಂಭದಲ್ಲಿ ಹಾಗೆ ಕೊಟ್ಟಿದ್ದಾನೆ ಕೂಡ. ನನ್ನ ಉತ್ತರ ಅಷ್ಟು ದೊಡ್ಡದಲ್ಲ.

ನನ್ನ ತಂಗಿ ಈಗ ಏಳನೆಯ ಇಯತ್ತೆಯಲ್ಲಿದ್ದಾಳೆ. ಕಳೆದ ವಾರ ಅವಳ ಪಾಟಿಯ ಮೇಲೆ ಈ ಲೆಕ್ಕವನ್ನು ಬರೆದುಕೊಟ್ಟು, ಉತ್ತರ ಹೇಗಿರಬೇಕೆಂಬುದನ್ನು ಮಾತ್ರ ಹೇಳಿ, ನಾನು ಹೊರಗೆ ಹೋದೆ. ತಿರುಗಿ ಬಂದಾಗ ಅವಳು ಒಲೆಯ ಮುಂದೆ ಅವ್ವನ ಪಕ್ಕದಲ್ಲಿ ಕುಳಿತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಅವಳ ಪಾಟಿಯನ್ನೇ ನೋಡುತ್ತಿದ್ದ.

“ಏನಾತು?” ಎಂದೆ.

“ಇನ್ನೂ ಕೂಡಿಲ್ಲ ಅಣ್ಣಾ. ನಡುವ ಎಲ್ಲೋ ಹರದೈತಿ” ಎಂದಳು. ಅಪ್ಪ ಬಗ್ಗಿ, ಓದಲು ಬಾರದ ಆ ಅಂಕಿಗಳ ಸಾಲನ್ನು ಎರಡೂ ತುದಿಗಳಿಂದ ಒಂದೊಂದಾಗಿ ಬೆರಳಿನಿಂದ ತಾಳೆ ನೋಡುತ್ತ ಬಂದು, ನಾಲ್ಕನೆಯ ಮನೆಯ ಹತ್ತಿರ ತಡೆದು, “ಇಲ್ಲಿ ಜೋಡಿ ಒಂದ ಥರಾ ಇಲ್ಲ ನೋಡವಾ” ಎಂದ. ಅವಳು ಅಂಗೈಯಿಂದ ಒರೆಸಿ, ಮೊದಲಿನಿಂದ ಆರಂಭಿಸಿದಳು.